ಇನ್ನೂರ ಹದಿನಾಲ್ಕು ಸಲ ಕ್ಲಚ್

ನಮ್ಮ ಮನೆ ಫ್ರಿಜ್ಜಿನ ಪಕ್ಕದಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ನೇತಾಡುತ್ತದೆ. ಹಾಳೆಯ ಮುಂಭಾಗ ತಮಿಳಿನಲ್ಲಿ ರಾಹುಕಾಲ, ಯಮಗಂಡ. ಹರಿದ ಮೇಲೆ ಹಿಂಭಾಗ ನನ್ನದು. ಹಾಲು ಒಂದು ಪ್ಯಾಕೆಟ್ ಕಡಿಮೆ ಬಂತು, ಮಹಡಿ ಮೇಲಿನ ಕರಿಬೇವು ಚಿಗುರಿತು, ಕುಕ್ಕರಿನ ರಬ್ಬರು ಹೋಯಿತು, ಇಂಥವನ್ನೆಲ್ಲ ಬರೆದು ತಿಂಗಳಿಗೊಂದು ಕಟ್ಟು ಮಾಡಿ ಇಡುತ್ತೇನೆ. ಮದುವೆಯಾಗಿ ಮೈಸೂರಿನಿಂದ ತಾಂಬರಂಗೆ ಬಂದಾಗಿನಿಂದ ಬಿಡದೆ ನಡೆದ ಅಭ್ಯಾಸ. ಆ ಕಟ್ಟುಗಳಲ್ಲಿ ಒಂದು ಹಾಳೆಯ ಹಿಂದೆ ಮಾತ್ರ ಬೇರೇನೂ ಇಲ್ಲ. "ಕ್ಲಚ್, ೨೧೪." ಅಷ್ಟೆ. ಈಗಲೂ ಅದು ಕೈಗೆ ಸಿಕ್ಕಿದರೆ ನಾನು ಕೂತಲ್ಲೇ ನಗುತ್ತೇನೆ, ಹೊಟ್ಟೆ ಹಿಡಿದುಕೊಂಡು.

ಹದಿನೇಳು ವರ್ಷ ನಮ್ಮನ್ನು ಹೊತ್ತ ಹಳೇ ಕಾರನ್ನು ಕೊಟ್ಟು ಹೊಸದನ್ನು ತರುವುದು ಅಂತ ಆದಾಗ ನನ್ನ ಮನಸ್ಸಿನಲ್ಲಿ ಒಂದೇ ಒಂದು ಆಸೆ ಇತ್ತು. ಆ ಗಾಡಿಯನ್ನು ನಾನು ಓಡಿಸಬೇಕು. ಯಾರಿಗೂ ಹೇಳಿರಲಿಲ್ಲ. ಹೇಳುವುದಕ್ಕೆ ಮುಖವೂ ಇರಲಿಲ್ಲ.

ಯಾಕೆಂದರೆ ನನ್ನ ಹತ್ತಿರ ಲೈಸೆನ್ಸ್ ಇತ್ತು. ನಲವತ್ತೇಳನೇ ವಯಸ್ಸಿನಲ್ಲಿ ಡ್ರೈವಿಂಗ್ ಸ್ಕೂಲಿಗೆ ಹೋಗಿ, ಎಂಟು ಹಾಕಿ ತೋರಿಸಿ ತಂದದ್ದು. ತಂದ ಮರುವಾರ ಹಳೇ ಕಾರಿನಲ್ಲಿ, ಹಳಿಯ ಕೆಳಗೆ ಹಾಯುವ ರೈಲ್ವೆ ಸಬ್‌ವೇಗೆ ಇಳಿದೆ. ಇಳಿಯುವುದು ಸುಲಭ. ಹತ್ತುವಾಗ ಗಾಡಿ ಆಫ್ ಆಯಿತು. ಮತ್ತೆ ಸ್ಟಾರ್ಟ್, ಮತ್ತೆ ಆಫ್. ಹಿಂದೆ ಬಸ್ಸು, ಬಸ್ಸಿನ ಹಿಂದೆ ತಾಂಬರಂನ ಅರ್ಧ ಊರು. ಒಬ್ಬ ಆಟೋದವನು ಇಳಿದು ಬಂದು ಕಿಟಕಿಯ ಹತ್ತಿರ ಬಗ್ಗಿ, "ಅಕ್ಕಾ, ಹಾಫ್ ಕ್ಲಚ್! ಹಾಫ್ ಕ್ಲಚ್!" ಅಂತ ದೇವರ ನಾಮ ಹೇಳಿಕೊಡುವವನ ಹಾಗೆ ಹೇಳಿಕೊಟ್ಟ. ಆ ಅರ್ಧ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಅಂತ ನನ್ನ ಎಡಗಾಲಿಗೆ ಕೊನೆಗೂ ತಿಳಿಯಲಿಲ್ಲ. ಏರಿನ ನಡುವೆಯೇ ನಾನೂ ಪಕ್ಕದಲ್ಲಿ ಕೂತಿದ್ದ ನಮ್ಮವರೂ ಸೀಟು ಬದಲಾಯಿಸಿದೆವು. ಆ ಗಡಿಬಿಡಿಯಲ್ಲಿ ನನ್ನ ಒಂದು ಚಪ್ಪಲಿ ರಸ್ತೆಯಲ್ಲೇ ಉಳಿಯಿತು. ಒಂಟಿ ಚಪ್ಪಲಿಯಲ್ಲಿ ಮನೆಗೆ ಬಂದು, ಲೈಸೆನ್ಸನ್ನು ದೇವರ ಮನೆಯ ಕರ್ಪೂರದ ಡಬ್ಬಿಯ ಕೆಳಗೆ ಇಟ್ಟೆ. ಅಲ್ಲೇ ಇತ್ತು.

ಆದರೆ ಲೆಕ್ಕ ನೋಡಿ. ನಮ್ಮವರು ಕೋಡಂಬಾಕ್ಕಂನ ಆಫೀಸಿಗೆ ಹೋಗುವುದು ಎಲೆಕ್ಟ್ರಿಕ್ ಟ್ರೈನಿನಲ್ಲಿ. ವಾರದಲ್ಲಿ ಆರು ದಿನ ಕಾರು ಮುಸುಕು ಹಾಕಿಕೊಂಡು ಮನೆ ಮುಂದೆ ಮಲಗಿರುತ್ತದೆ. ಗುರುವಾರ ಬಂತೆಂದರೆ ಅತ್ತೆಗೆ ಹಳಿಯಾಚೆಯ ಮಠಕ್ಕೆ ಹೋಗಬೇಕು. ಆ ಮಲಗಿದ ಕಾರಿನ ಪಕ್ಕದಲ್ಲೇ ನಾನೂ ಅತ್ತೆಯೂ ನಿಂತು ಆಟೋಗೆ ಕೈ ಬೀಸುತ್ತೇವೆ!

ಇವರಿಗೋ ಬೇರೆ ಕನಸು. ಎರಡು ತಿಂಗಳು ಊಟದ ಜೊತೆ ಉಪ್ಪಿನಕಾಯಿಯ ಹಾಗೆ ಕಾರಿನ ವಿಡಿಯೋ ನಡೆಯಿತು. ಟರ್ಬೊ ಎಂಜಿನ್ನೇ ಬೇಕು, ಗೇರು ಕೈಯಲ್ಲೇ ಹಾಕಬೇಕು.

"ಗೇರ್ ಹಾಕ್ದೆ ಓಡ್ಸೋದೂ ಒಂದು ಓಡ್ಸೋದಾ? ಲಿಫ್ಟ್‌ನಲ್ಲಿ ನಿಂತ ಹಾಗೆ," ಅಂದರು.

"ಲಿಫ್ಟ್ ಇರೋ ಕಡೆ ನೀವು ಮೆಟ್ಲು ಹತ್ತಿದ್ದು ನಾನಂತೂ ನೋಡಿಲ್ಲ," ಅಂದೆ.

ಒಂದು ರಾತ್ರಿ ಊಟದ ಹೊತ್ತಿಗೆ ಟಾರ್ಕ್ ಅಂದರೆ ಏನು ಅಂತ ನನಗೆ ತಿಳಿಸಿ ಹೇಳಲು ಹೊರಟು, ಚಮಚ ತಿರುಗಿಸಿ, ಲೋಟ ತಿರುಗಿಸಿ, ಸಾರು ಚೆಲ್ಲಿದರು. ನಾನು ಒರೆಸುತ್ತಾ, "ಅಯ್ಯೋ, ಇಷ್ಟೇ ತಾನೆ? ಮಿಕ್ಸಿ ಜೋರಾಗಿ ಸುತ್ತುತ್ತೆ, ಆದ್ರೆ ಗಟ್ಟಿ ಹಿಟ್ಟು ಹಾಕಿದ್ರೆ ಮುಷ್ಕರ ಹೂಡುತ್ತೆ. ಗ್ರೈಂಡರ್ ನಿಧಾನವಾಗೇ ಸುತ್ತಿ ಕಲ್ಲನ್ನೂ ಎಳ್ಕೊಂಡು ಹೋಗುತ್ತೆ. ಆ ಎಳೆಯೋ ಶಕ್ತೀನೇ ಟಾರ್ಕು," ಅಂದೆ. ಬಾಯಿ ಬಿಟ್ಟುಕೊಂಡು ನೋಡಿದರು. ಮಾರನೇ ದಿನ ಆಫೀಸಿನಲ್ಲಿ ಅದೇ ಮಾತನ್ನು ತಮ್ಮದೇ ಅನ್ನುವ ಹಾಗೆ ಹೇಳಿ ಚಪ್ಪಾಳೆ ಗಿಟ್ಟಿಸಿದರಂತೆ.

ಷೋರೂಮಿಗೆ ಹೋದಾಗ ನನ್ನ ಆಸೆಗೆ ಒಂದು ಬೇಲಿ ಬಿತ್ತು. ನಾವು ಆರಿಸಿದ್ದ ಮಾಡೆಲ್ಲಿನಲ್ಲಿ ಟರ್ಬೊ ಎಂಜಿನ್ ಬೇಕಾದರೆ ಕೈಯಲ್ಲಿ ಹಾಕುವ ಗೇರೇ. ಆಟೋಮ್ಯಾಟಿಕ್ ಬೇಕಾದರೆ ಸಾಧಾರಣ ಎಂಜಿನ್ನೇ. ಎರಡೂ ಒಟ್ಟಿಗೆ ಇಲ್ಲ. ಸೇಲ್ಸಿನ ಹೆಣ್ಣುಮಗಳು ಮೂರು ಸಲ ಕಂಪ್ಯೂಟರ್ ನೋಡಿ, "ಇಲ್ಲೆ ಸಾರ್," ಅಂದಳು. ಅಂದರೆ ಇವರ ಎಂಜಿನ್ನು, ಇಲ್ಲವೇ ನನ್ನ ಗೇರ್‌ಬಾಕ್ಸು. ಇವರಿಗೆ ಅದು ಆಯ್ಕೆ ಅಂತಲೇ ಅನ್ನಿಸಲಿಲ್ಲ. "ಹಾಗಾದ್ರೆ ಟರ್ಬೊ, ಮ್ಯಾನ್ಯುಯಲ್. ಟೆಸ್ಟ್ ಡ್ರೈವ್ ಪಾರ್ಕಲಾಂ, ನೋಡೇಬಿಡೋಣ," ಅಂತ ಎದ್ದೇಬಿಟ್ಟರು.

ಇವರು ಓಡಿಸಿದರು, ಪಕ್ಕದಲ್ಲಿ ಸೇಲ್ಸಿನವಳು, ಹಿಂದೆ ನಾನೂ ಅತ್ತೆಯೂ. ಪಲ್ಲಾವರಂವರೆಗೆ ಹೋಗಿ ಬರುವುದು. ಅತ್ತೆಯ ಬೆರಳಿಗೆ ಅವರ ಕೌಂಟರ್ ಇತ್ತು. ಉಂಗುರದ ಹಾಗೆ ತೊಡುವ ಪುಟ್ಟ ಯಂತ್ರ, ಗುಂಡಿ ಒತ್ತಿದರೆ ಒಂದು ಅಂಕೆ ಏರುತ್ತದೆ. ಧನುರ್ಮಾಸ ಮುಗಿಯುವುದರೊಳಗೆ ಲಕ್ಷ ನಾಮ ಹೇಳುವ ಸಂಕಲ್ಪ ಅವರದು. ಸಂಜೆ ಸಂಜೆ ಅವರು ಅಂಕೆ ಹೇಳುತ್ತಾರೆ, ನಾನು ಕ್ಯಾಲೆಂಡರ್ ಹಾಳೆಯ ಹಿಂದೆ ಬರೆಯುತ್ತೇನೆ.

ಬೆಳಿಗ್ಗೆ ತಿಂದದ್ದು ಪೊಂಗಲ್. ಗಾಡಿಯಲ್ಲಿ ಏಸಿ. ಷೋರೂಮಿನ ಗೇಟು ದಾಟುವಷ್ಟರಲ್ಲಿ ಅತ್ತೆಗೆ ನಿದ್ದೆ. ಕೌಂಟರ್ ಬೆರಳಿನಿಂದ ಜಾರಿ ನನ್ನ ಸೀರೆಯ ಮೇಲೆ ಬಿತ್ತು.

ನಾನು ಕೂತ ಜಾಗದಿಂದ ಇವರ ಎಡಮಂಡಿ ಚೆನ್ನಾಗಿ ಕಾಣುತ್ತಿತ್ತು. ಜಿಎಸ್‌ಟಿ ರೋಡಿನ ಆ ಜಂಗುಳಿಯಲ್ಲಿ ಮಂಡಿ ಏರುತ್ತದೆ, ಇಳಿಯುತ್ತದೆ, ಏರುತ್ತದೆ, ಇಳಿಯುತ್ತದೆ. ಎಷ್ಟು ಸಲ? ಬರೆಯಲು ಹಾಳೆ ಇಲ್ಲ. ಕೈಯಲ್ಲಿ ಕೌಂಟರ್ ಇದೆ. ಟಿಕ್. ಮಂಡಿ ಏರಿದಾಗಲೆಲ್ಲ ಟಿಕ್. ಬಸ್‌ಸ್ಟಾಪಿನ ಹತ್ತಿರ ಟಿಕ್ ಟಿಕ್ ಟಿಕ್. ಏರ್‌ಪೋರ್ಟಿನ ಕಡೆಯ ಗಾಡಿಗಳು ಸೇರುವಲ್ಲಿ ನನ್ನ ಹೆಬ್ಬೆರಳೇ ನೋಯತೊಡಗಿತು. "ಎಂಥಾ ಪಿಕಪ್ಪು ನೋಡು!" ಅಂತ ಇವರು ಕೂಗುತ್ತಾರೆ, ಆ ಪಿಕಪ್ಪು ಮುಂದಿನ ಲಾರಿಯ ಹಿಂಭಾಗದವರೆಗೆ ಹೋಗಿ ಮುಗಿಯುತ್ತದೆ. ಟಿಕ್. ವಾಪಸು ಬಂದಾಗ ಇನ್ನೂರ ಹದಿನಾಲ್ಕು. ಕೌಂಟರನ್ನು ಮೆಲ್ಲಗೆ ಅತ್ತೆಯ ಬೆರಳಿಗೆ ತೊಡಿಸಿದೆ. ಮನೆಗೆ ಹೋಗಿ ಈ ಅಂಕೆಯನ್ನು ಇವರ ಮುಂದೆ ಇಡಬೇಕು, ನಿಮ್ಮ ಕಾಲಿಗೆ ಯಾಕೀ ಶಿಕ್ಷೆ ಅನ್ನಬೇಕು, ನನ್ನ ಆಸೆಯ ಮಾತು ಎತ್ತದೆಯೇ ಆಟೋಮ್ಯಾಟಿಕ್ಕಿಗೆ ಒಪ್ಪಿಸಬೇಕು. ಹೀಗೆಲ್ಲ ಹೊಂಚು ಹಾಕಿ, ಅಂಕೆಯನ್ನು ಹಿಂದಕ್ಕೆ ತಿರುಗಿಸಲಾಗುವುದಿಲ್ಲ ಅನ್ನುವುದನ್ನೇ ಮರೆತಿದ್ದೆ.

ಅತ್ತೆ ಕಣ್ಣು ಬಿಟ್ಟರು. ಬೆರಳು ನೋಡಿಕೊಂಡರು. ಕನ್ನಡಕ ಹಾಕಿ ಮತ್ತೆ ನೋಡಿಕೊಂಡರು.

"ಏನ್ಡಾ ಇದು! ನಲವತ್ತೊಂದು ಸಾವಿರದ ಮುನ್ನೂರಕ್ಕೆ ನಿಲ್ಸಿದ್ದೆ. ಈಗ ಐನೂರ ಹದಿನಾಲ್ಕು! ನಿದ್ದೇಲೂ ನಾಮ ನಿಂತಿಲ್ಲ ನೋಡು!"

"ಅಮ್ಮಾ, ನೀನು ಗೊರಕೆ ಹೊಡೀತಾ ಇದ್ದೆ," ಅಂದರು ಇವರು.

"ಗೊರಕೆ ಮೇಲಿಂದು ಡಾ. ಒಳಗೆ ನಾಮ."

ನಾನು ಬಾಯಿ ತೆರೆಯುವಷ್ಟರಲ್ಲಿ ಮೈಲಾಪುರದ ತಂಗಿಗೆ ಫೋನ್ ಹೋಗಿತ್ತು. ಮಧ್ಯಾಹ್ನಕ್ಕೆ ನಾಲ್ಕು ಮನೆಗೆ ಸುದ್ದಿ. ದೂರದ ಸಂಬಂಧದ ಒಬ್ಬ ಅಜ್ಜಿ ಫೋನ್ ಮಾಡಿ, ಆ ದಿನದ ಪೊಂಗಲ್‌ಗೆ ನಾನು ಮೆಣಸು ಎಷ್ಟು ಹಾಕಿದ್ದೆ ಅಂತ ಕೇಳಿದರು. ಹೇಳಿದೆ. ಬರೆದುಕೊಂಡರು. ನನ್ನ ಕಿವಿ ಬಿಸಿಯಾಯಿತು.

ಸಂಜೆ ಅತ್ತೆ ಕಾಲು ಚಾಚಿ ಕೂತು, "ಬರಿಯಮ್ಮಾ, ನಲವತ್ತೊಂದು ಸಾವಿರದ ಐನೂರ ಹದಿನಾಲ್ಕು," ಅಂದರು. ಪೆನ್ನು ಮುಂದೆ ಹೋಗಲಿಲ್ಲ. ಇಷ್ಟು ವರ್ಷ ಆ ಹಾಳೆಗಳ ಮೇಲೆ ಕರಿಬೇವಿನ ಚಿಗುರಿನ ವಿಷಯದಲ್ಲೂ ಸುಳ್ಳು ಬರೆದವಳಲ್ಲ. "ಕ್ಲಚ್, ೨೧೪" ಅಂತ ಬರೆದು ಹಾಳೆಯನ್ನು ಅವರ ಕೈಗೆ ಕೊಟ್ಟೆ.

"ಅತ್ತೆ, ತಪ್ಪಾಯ್ತು. ಆ ಇನ್ನೂರ ಹದಿನಾಲ್ಕು ನಿಮ್ಮ ನಾಮ ಅಲ್ಲ. ಇವರು ಕ್ಲಚ್ ಒತ್ತಿದ್ದು. ನಾನು ಎಣಿಸ್ದೆ."

ಅತ್ತೆ ಹಾಳೆಯನ್ನು ನೋಡಿದರು, ಮಗನ ಕಾಲನ್ನು ನೋಡಿದರು.

"ಅವನ ಕಾಲಾ? ನಾನು ಮೈಲಾಪುರಕ್ಕೆ ಹೇಳಿದ್ದು ಇವನ ಕಾಲಾ?" ಅಂದರು ಅತ್ತೆ. ಒಂದು ಕ್ಷಣ ಬೈಯುತ್ತಾರೆ ಅಂದುಕೊಂಡೆ. ಅವರ ಹೊಟ್ಟೆ ಅಲುಗತೊಡಗಿತು. ಆಮೇಲೆ ಭುಜ. ಆಮೇಲೆ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು, ನಾನೂ ನಕ್ಕೆ, ಅತ್ತೆ ನಗುತ್ತಲೇ, "ಆ ಅಜ್ಜಿ ನಾಳೆ ಪೊಂಗಲ್ ಮಾಡ್ತಾಳಲ್ಲೇ!" ಅಂದಾಗ ಇಬ್ಬರಿಗೂ ಉಸಿರು ಸಿಗಲಿಲ್ಲ.

ಇವರು ಮಾತ್ರ ನಗಲಿಲ್ಲ. "ನನ್ನ ಕಾಲನ್ನ ಯಾಕೆ ಎಣಿಸ್ದೆ?" ಅಂತ ಕೇಳಿದರು.

ನಿಮ್ಮ ಮಂಡಿಯ ಮೇಲಿನ ಕಾಳಜಿ ಅನ್ನಬಹುದಿತ್ತು. ಅಷ್ಟು ನಕ್ಕ ಮೇಲೆ ನಾಲಿಗೆಗೆ ಬೇಲಿ ಇರಲಿಲ್ಲ. "ನಾನು ಓಡಿಸ್ಬೇಕು ರೀ. ಗುರುವಾರ ಅತ್ತೇನ ನಾನೇ ಮಠಕ್ಕೆ ಕರ್ಕೊಂಡು ಹೋಗ್ಬೇಕು. ಕ್ಲಚ್ ಇದ್ರೆ ಆ ಸಬ್‌ವೇ ಏರು ನನ್ನ ಕೈಲಾಗಲ್ಲ."

"ನಿಂಗೆ ಓಡಿಸ್ಬೇಕು ಅಂತ ಹೇಳ್ಲೇ ಇಲ್ವಲ್ಲ."

"ನೀವು ಕೇಳ್ಲೇ ಇಲ್ವಲ್ಲ."

ಅವರು ಫೋನಿನಲ್ಲಿ ನಿಂತಿದ್ದ ಟರ್ಬೊ ವಿಡಿಯೋ ಕಡೆ ಒಮ್ಮೆ ನೋಡಿದರು. ಮಗುವಿನ ಕೈಯಿಂದ ಬೆಲೂನು ಇಸಿದುಕೊಂಡ ಹಾಗೆ ನನಗೇ ಸಂಕಟವಾಯಿತು. ಅಷ್ಟರಲ್ಲಿ ಅತ್ತೆ ಕಣ್ಣೊರೆಸಿಕೊಂಡು ತೀರ್ಪು ಕೊಟ್ಟರು. "ನಂಗೆ ಇನ್ನೂರ ಹದಿನಾಲ್ಕು ನಾಮ ಬಾಕಿ ಬಿತ್ತು. ನಾಳೆ ಇವಳು ಆ ಕ್ಲಚ್ ಇಲ್ಲದ ಗಾಡಿ ಓಡಿಸ್ಲಿ. ನಾನು ಹಿಂದೆ ಕೂತು ಅಷ್ಟೂ ನಾಮ ಜೋರಾಗಿ ಹೇಳ್ತೀನಿ. ಎಣಿಕೆ ತಪ್ಪದ ಹಾಗೆ ಓಡಿಸಿದ್ರೆ ಅದೇ ಗಾಡಿ. ತಪ್ಪಿದ್ರೆ ನಿನ್ನ ಟರ್ಬೊ. ಸರಿಯಾ ಡಾ?"

"ಸರಿ," ಅಂದರು ಇವರು, ಗೆದ್ದವರ ಮುಖದಲ್ಲಿ. ಸಬ್‌ವೇ ಅವರಿಗೂ ನೆನಪಿತ್ತು.

ಮರುದಿನ ಕರ್ಪೂರದ ವಾಸನೆಯ ಲೈಸೆನ್ಸ್ ಹಿಡಿದು ಹೋದೆ. ಸೇಲ್ಸಿನವಳು ತಿಳಿಸಿ ಹೇಳಿದಳು. ಗೇರ್‌ಬಾಕ್ಸಿನ ಒಳಗೆ ಒಂದು ಬೆಲ್ಟು ಇರುತ್ತದೆ, ಅದು ತಾನೇ ಬೇಕಾದ ಹಾಗೆ ಹೊಂದಿಕೊಳ್ಳುತ್ತದೆ, ಗೇರು ಬದಲಾದದ್ದೇ ತಿಳಿಯುವುದಿಲ್ಲ. ಎರಡೇ ಪೆಡಲ್ಲು, ಎರಡಕ್ಕೂ ಬಲಗಾಲೇ. ನನ್ನ ಹೊಲಿಗೆ ಮಿಷನ್ನಿಗಿಂತ ಸುಲಭ ಅನ್ನಿಸಿತು. ಹೊರಟೆ. ಹಿಂದೆ ಅತ್ತೆ ಶುರು ಮಾಡಿದರು. ಮೂವತ್ತು, ಮೂವತ್ತೊಂದು... ಮೂವತ್ತೇಳರಲ್ಲಿ ಅಡ್ಡ ಒಂದು ಹಸು ಬಂತು. ನನ್ನ ಎಡಗಾಲು ಹಳೇ ಕ್ಲಚ್ಚನ್ನು ಹುಡುಕಿಕೊಂಡು ಹೋಗಿ ಬ್ರೇಕಿನ ಮೇಲೆ ಪೂರ್ತಿ ಬಲದಿಂದ ಕೂತಿತು. ಸೀಟ್ ಬೆಲ್ಟು ಇಲ್ಲದಿದ್ದರೆ ಎಲ್ಲರೂ ಗಾಜಿಗೆ. ಹಸು ತಿರುಗಿ ನೋಡಿ ಹೋಯಿತು.

"ಎಡಗಾಲು! ಎಡಗಾಲು!" ಅಂತ ಹಿಂದಿನಿಂದ ಇವರು.

"ಎಣಿಕೆ ತಪ್ಪಿತಾ ಅತ್ತೆ?" ಅಂದೆ, ಅಳುವ ಧ್ವನಿಯಲ್ಲಿ.

"ಹಸುಗೆ ದಾರಿ ಬಿಟ್ಟಿದ್ದು ಲೆಕ್ಕಕ್ಕಿಲ್ಲ. ಮೊದಲಿಂದ ಹೇಳ್ತೀನಿ. ನೀನು ನಡಿ."

"ಅಮ್ಮಾ, ಇದು ಮೋಸ," ಅಂದರು ಇವರು.

"ಸುಮ್ಮನೆ ಇರುಡಾ. ಒಂದು..."

ಎಡಗಾಲನ್ನು ಹಿಂದಕ್ಕೆ ಎಳೆದು, ಹಿಮ್ಮಡಿಯನ್ನು ಸೀಟಿಗೆ ಒತ್ತಿ, ನೀನು ಅಲ್ಲೇ ಇರು ಅಂತ ಗದರಿಸಿದೆ. ಸಬ್‌ವೇ ಬಂತು. ಇಳಿದೆ. ಏರಿನ ಅರ್ಧದಲ್ಲಿ ಸಿಗ್ನಲ್ಲಿನ ಸಾಲು ನಿಂತಿತ್ತು. ಅದೇ ಜಾಗ, ನನ್ನ ಚಪ್ಪಲಿ ಹೋದ ಜಾಗ. ಹಿಂದೆ ಬಸ್ಸು. ಅತ್ತೆಯ ಎಣಿಕೆ ತೊಂಬತ್ತರ ಹತ್ತಿರ ಇತ್ತು. ಸಾಲು ಕದಲಿತು. ಬ್ರೇಕ್ ಬಿಟ್ಟೆ, ಮೆಲ್ಲಗೆ ಒತ್ತಿದೆ. ಎಂಜಿನ್ನು ನಮ್ಮ ಗ್ರೈಂಡರಿನ ಹಾಗೆ ಉಂ ಅಂತ ಒಂದೇ ರಾಗ ಹಿಡಿದು, ನಮ್ಮೆಲ್ಲರನ್ನೂ ಎತ್ತಿಕೊಂಡು ಮೇಲಕ್ಕೆ ಬಂತು. ಬಿಸಿಲು ಮುಖಕ್ಕೆ ಹೊಡೆಯಿತು. ನಾನು ಕೂಗಿದೆ. ಏನು ಕೂಗಿದೆ ಅಂತ ತಿಳಿಯದು. ಸೇಲ್ಸಿನವಳು ಚಪ್ಪಾಳೆ ತಟ್ಟಿದಳು. ಅತ್ತೆಯ ಎಣಿಕೆ ತಪ್ಪಲಿಲ್ಲ.

ಷೋರೂಮು ಬಂದಾಗ ನೂರ ಎಂಬತ್ತಾರು. ಉಳಿದ ಇಪ್ಪತ್ತೆಂಟು ಮುಗಿಯುವವರೆಗೆ ಯಾರೂ ಇಳಿಯುವ ಹಾಗಿಲ್ಲ ಅಂತ ಅಪ್ಪಣೆಯಾಯಿತು. ನಿಂತ ಗಾಡಿಯಲ್ಲಿ ನಾಲ್ವರೂ ಕೂತೆವು. ಕೊನೆಯ ಹತ್ತನ್ನು ಸೇಲ್ಸಿನವಳೂ ಸೇರಿ ಹೇಳಿದಳು.

ಒಳಗೆ ಫಾರಂ ತುಂಬುವಾಗ ಅವಳು, "ಸಾರ್, ಎಂಜಿನ್ ಯಾವುದು, ಗೇರ್ ಯಾವುದು?" ಅಂತ ತಮಿಳಿನಲ್ಲಿ ಕೇಳಿದಳು. ಇವರು ಕಿಟಕಿಯಾಚೆ ನಿಂತಿದ್ದ ಟರ್ಬೊ ಗಾಡಿಯನ್ನು ಒಂದು ಸಲ ನೋಡಿ, ನನ್ನ ಕಡೆ ಕೈ ತೋರಿಸಿದರು. "ಓಡಿಸೋರನ್ನ ಕೇಳಿ."

ಹೊಸ ಕಾರು ಬಂದ ಮೊದಲ ಗುರುವಾರ ಇವರು ಟ್ರೈನಿಗೆ ಹೋದರು. ಹತ್ತು ಗಂಟೆಗೆ ನಾನು ಮುಸುಕು ತೆಗೆದು, ಅತ್ತೆಯನ್ನು ಕೂರಿಸಿಕೊಂಡು, ಎಡಗಾಲನ್ನು ಅದರ ಜಾಗದಲ್ಲಿ ಇಟ್ಟು ಹೊರಟೆ. ಸಬ್‌ವೇಯ ಏರಿನಲ್ಲೇ ಫೋನು ರಿಂಗಾಯಿತು. ಅತ್ತೆ ನನ್ನ ಬ್ಯಾಗಿನಿಂದ ತೆಗೆದು ಕಿವಿಗಿಟ್ಟುಕೊಂಡರು. ಆ ಕಡೆಯ ದನಿ ನನಗೂ ಕೇಳಿಸಿತು: "ಸಬ್‌ವೇ ದಾಟಿದ್ರಾ?"

"ಅವಳು ಓಡಿಸ್ತಾ ಇದಾಳೆ, ನಾನು ನಾಮ ಎಣಿಸ್ತಾ ಇದೀನಿ," ಅಂದರು ಅತ್ತೆ. "ಇಬ್ರಿಗೂ ತೊಂದ್ರೆ ಕೊಡಬೇಡ. ಫೋನ್ ಇಡುಡಾ!"