ಉತ್ತರಕ್ಕೆ ಅವಕಾಶವಿಲ್ಲದ ಸಭೆ

ಆ ಮಧ್ಯಾಹ್ನ ಸಭೆಯಲ್ಲಿ ಕೈ ಎತ್ತಿದವರಾರೂ ಏನನ್ನೂ ಕಳೆದುಕೊಳ್ಳಲಿಲ್ಲ. ಕಳೆದುಕೊಂಡವರು ದಲಿತರ ಬೀದಿಯ ಹೆಂಗಸರು. ಅವರೆಲ್ಲರಿಗಿಂತ ಹೆಚ್ಚಾಗಿ, ಪಾತ್ರೆ ತೊಳೆಯುವ ಸೋಪಿಗೆ ಬೆರಳ ತುದಿಗಳು ಸೀಳಿಹೋಗಿದ್ದ ಒಬ್ಬ ಅಧ್ಯಕ್ಷೆ. ಪೆನ್ನು ಹಿಡಿದರೆ ಆ ಸೀಳುಗಳು ಬಾಯಿ ಬಿಡುತ್ತಿದ್ದವು. ಹಾಗಾಗಿ ಅವರು ಹೆಬ್ಬೆರಳಿಗೆ ಹಳೆಯ ಸೀರೆಯ ಚೂರೊಂದನ್ನು ಸುತ್ತಿಕೊಂಡು ಪಂಚಾಯಿತಿಯ ಕಡತಗಳಿಗೆ ಸಹಿ ಹಾಕುತ್ತಿದ್ದರು.

ಹುಣಸೂರು ರಸ್ತೆಯ ಕಡೆ, ನಗರದ ಅಂಚಿಗೆ ತಾಗಿದ ಹಳ್ಳಿ ಅವರದು. ಅದೇ ನಗರದ ಗೋಕುಲಂ ಬಡಾವಣೆಯ ನಮ್ಮ ಮನೆಯ ಮಹಡಿಯನ್ನು ಯೋಗ ಕಲಿಯಲು ಬರುವ ವಿದೇಶಿಯರಿಗೆ ಬಾಡಿಗೆಗೆ ಕೊಟ್ಟಿದ್ದೆವು. ಆ ಕೋಣೆಗಳ ಕೆಲಸಕ್ಕೆ ಅವರು ಬರುತ್ತಿದ್ದರು. ಚುನಾಯಿತ ಮಹಿಳೆಯರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಆದರೂ ಅವರು ಗ್ರಾಮ ಪಂಚಾಯಿತಿಯ ಸದಸ್ಯೆಯೆಂದು ನನಗೆ ತಿಳಿದದ್ದು ವರ್ಷ ಕಳೆದ ಮೇಲೆ, ಅವರು ಒಂದು ದಿನ ರಜೆ ಕೇಳಿದಾಗ.

"ನಾಳೆ ಬರಕ್ಕಾಗಲ್ಲ ಮೇಡಮ್. ನನ್ನ ಅಧ್ಯಕ್ಷೆ ಮಾಡ್ತಾರಂತೆ."

ಆ ಒಂದು ವರ್ಷ ನಾನು ಅವರ ಬಗ್ಗೆ ಏನನ್ನೂ ಕೇಳಿರಲಿಲ್ಲ. ಇಲ್ಲಿ ಹೆಸರಿಸಲಿರುವ ತಪ್ಪುಗಳಲ್ಲಿ ಇದು ಮೊದಲನೆಯದು.

"ಮಾಡ್ತಾರಂತೆ" ಎಂದದ್ದು ಸರಿಯಾಗಿಯೇ ಇತ್ತು. ಅಧ್ಯಕ್ಷ ಸ್ಥಾನ ಪರಿಶಿಷ್ಟ ಜಾತಿಯ ಮಹಿಳೆಗೆ ಮೀಸಲಾಗಿತ್ತು. ಸದಸ್ಯರಲ್ಲಿ ಆ ವರ್ಗದ ಮಹಿಳೆ ಅವರೊಬ್ಬರೇ. ಊರಿನ ದೊಡ್ಡವರು ಅವಿರೋಧವಾಗಿ ಆರಿಸಿ, ಹಾರ ಹಾಕಿ, ಕುರ್ಚಿಯಲ್ಲಿ ಕೂರಿಸಿದರು. ತೋರಿಸಿದ ಕಡೆ ಸಹಿ ಹಾಕುತ್ತಾರೆಂದು ನಂಬಿದ್ದರು. ಅವರಾದರೋ ಪ್ರತಿ ಕಾಗದವನ್ನೂ ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲುಗಿಸುತ್ತ ಓದುತ್ತಿದ್ದರು. ಕಾರ್ಯದರ್ಶಿ ಗಡಿಯಾರ ನೋಡಿದರೆ, "ನೀವು ಟೀ ಕುಡ್ಕೊಂಡ್ ಬನ್ನಿ ಸಾರ್. ಓದ್ದೆ ಒತ್ತಕ್ಕೆ ನಾನೇನು ರಬ್ಬರ್ ಸ್ಟಾಂಪಾ?" ಎನ್ನುತ್ತಿದ್ದರಂತೆ. ಬೆಳಿಗ್ಗೆ ಗೋಕುಲಂ, ಹನ್ನೊಂದಕ್ಕೆ ಪಂಚಾಯಿತಿ. ನಾನು "ಅಧ್ಯಕ್ಷರೇ" ಎಂದು ಕರೆದರೆ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು: "ಪೊರಕೆ ಕೈಲಿರೋವಾಗ ಬ್ಯಾಡಿ ಮೇಡಮ್, ನಗು ಬತ್ತದೆ."

ಅಧಿಕಾರದಲ್ಲಿದ್ದಾಗ ಅವರು ಮಾಡಿದ ದೊಡ್ಡ ಬದಲಾವಣೆ ಒಂದೇ. ಅವರ ಬೀದಿಗೆ ನಲ್ಲಿ ನೀರು ಬರುತ್ತಿದ್ದದ್ದು ಎಲ್ಲರಿಗಿಂತ ಕೊನೆಗೆ, ನಡು ಮಧ್ಯಾಹ್ನ. ಆ ಹೊತ್ತಿಗೆ ಅಲ್ಲಿನ ಹೆಂಗಸರು ಗೋಕುಲಂನ ಮನೆಗಳಲ್ಲೋ ಮೇಟಗಳ್ಳಿಯ ಕಾರ್ಖಾನೆಗಳಲ್ಲೋ ಇರುತ್ತಿದ್ದರು. ಇದನ್ನು ಅವ್ಯವಸ್ಥೆ ಎಂದು ಕರೆಯಬಾರದು. ಇದರ ಹೆಸರು ಜಾತಿ. ಅಧ್ಯಕ್ಷೆ ಆ ಸರದಿಯನ್ನು ತಿರುಗಿಸಿದರು. ಬೆಳಗಿನ ಮೊದಲ ನೀರು ಆ ಬೀದಿಗೆ ಎಂದು ನೀರುಗಂಟಿಗೆ ಬರೆದುಕೊಟ್ಟರು.

ಅವಿಶ್ವಾಸ ಮಂಡಿಸಬಾರದೆಂದು ಕಾನೂನು ವಿಧಿಸಿದ್ದ ಅವಧಿ ಮುಗಿದ ವಾರವೇ ಸೂಚನಾಪತ್ರ ಸಲ್ಲಿಕೆಯಾಯಿತು. "ಸದಸ್ಯರನ್ನು ವಿಶ್ವಾಸಕ್ಕೆ ತೆಗೆದುಕೊಳ್ಳುತ್ತಿಲ್ಲ" ಎಂಬುದು ಕಾರಣ. ನೀರಿನ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಅವರನ್ನು ಇಳಿಸಿದರೆ ಆ ಮೀಸಲು ಸ್ಥಾನಕ್ಕೆ ಅರ್ಹರಾದವರು ಮತ್ತೊಬ್ಬರಿಲ್ಲ. ಮೇಲಿನ ಬೀದಿಯ ಜಮೀನ್ದಾರರಾದ ಉಪಾಧ್ಯಕ್ಷರು ಪ್ರಭಾರ ವಹಿಸಿಕೊಳ್ಳುತ್ತಾರೆ. ಮೀಸಲಾತಿಯನ್ನು ಮುಟ್ಟದೆಯೇ ಮೀಸಲಾತಿಯನ್ನು ಕಸಿಯುವ ಬಗೆ ಇದು.

"ಉತ್ತರ ಕೊಡಕ್ಕೆ ಬುಡ್ತಾರಾ ಮೇಡಮ್?" ಎಂದು ಅಧ್ಯಕ್ಷೆ ಕೇಳಿದರು.

"ಬಿಡಲೇಬೇಕು. ನಿಮ್ಮ ಮಾತು ಕೇಳದೆ ಹೇಗೆ ಇಳಿಸ್ತಾರೆ?" ಎಂದೆ.

ನಿಯಮವನ್ನು ತೆರೆದು ನೋಡಲಿಲ್ಲ. ನ್ಯಾಯ ಹೀಗಿರಬೇಕೆಂಬ ನನ್ನ ನಂಬಿಕೆಯನ್ನೇ ಕಾನೂನೆಂದು ಅವರಿಗೆ ಒಪ್ಪಿಸಿಬಿಟ್ಟೆ.

ಕೆಲಸ ಮುಗಿದ ಮೇಲೆ ಮೂರು ದಿನ ನಮ್ಮ ಮಹಡಿಯ ಮೆಟ್ಟಿಲ ಮೇಲೆ ಕೂತು ಅವರು ಉತ್ತರ ಬರೆದರು. ನಾನು ಬರೆದುಕೊಡುತ್ತೇನೆಂದರೆ ಒಪ್ಪಲಿಲ್ಲ: "ನಿಮ್ಮ ಮಾತು ದೊಡ್ಡದಾಯ್ತದೆ. ನನ್ನದು ಅಂತ ಯಾರೂ ನಂಬಕಿಲ್ಲ." ಆ ಹಾಳೆಯ ಮೊದಲ ಸಾಲುಗಳು ಹೀಗಿವೆ: "ನೀರಿನ ಹೊತ್ತು ಬದಲಾಯಿಸಿದ್ದು ನಾನೇ. ಕದ್ದು ಮಾಡಲಿಲ್ಲ. ನಿಮ್ಮ ಮನೆ ನೀರು ನಿಲ್ಲಿಸಲಿಲ್ಲ. ಒಂದು ಗಂಟೆ ತಡ ಮಾಡಿದೆ. ನಾವು ಎಷ್ಟು ವರ್ಷ ತಡವಾಗಿ ಕುಡಿದೆವು, ಕೇಳಿ."

ಸಭೆಯ ದಿನ ನಾನು ಕಿಟಕಿಯಾಚೆ ನಿಂತಿದ್ದೆ. ಉಳಿದ ಸದಸ್ಯರೆಲ್ಲ ಒಂದೇ ವ್ಯಾನಿನಲ್ಲಿ ಬಂದಿಳಿದು ಒಂದೇ ಬದಿಯಲ್ಲಿ ಕೂತರು. ಅಧ್ಯಕ್ಷೆಯ ಎರಡೂ ಪಕ್ಕದ ಕುರ್ಚಿಗಳು ಖಾಲಿ ಉಳಿದವು. ಸಭೆ ನಡೆಸಲು ಬಂದಿದ್ದ ಉಪವಿಭಾಗಾಧಿಕಾರಿ ಸೂಚನೆಯನ್ನು ಓದಿ ಮುಗಿಸಿದರು. ಅಧ್ಯಕ್ಷೆ ಹಾಳೆ ಹಿಡಿದು ಎದ್ದರು.

"ಸಾರ್, ಎರಡು ಮಾತು."

"ಕೂತ್ಕೊಳಮ್ಮ. ಇದರಲ್ಲಿ ಚರ್ಚೆಗೆ ಅವಕಾಶ ಇಲ್ಲ. ಓದೋದು, ಮತಕ್ಕೆ ಹಾಕೋದು, ಅಷ್ಟೇ ನಿಯಮ."

"ಚರ್ಚೆ ಅಲ್ಲ ಸಾರ್, ಉತ್ತರ."

"ಉತ್ರನ ಗೋಕುಲದಾಗೆ ಯೋಳೋಗು, ಫಾರಿನ್ನೋರ್ಗೆ!" ಎಂದಿತು ಹಿಂದಿನಿಂದ ಒಂದು ದನಿ. ಎಲ್ಲರೂ ನಕ್ಕರು. ನಕ್ಕವರನ್ನು ಸುಮ್ಮನಿರಿಸಲು ಮಾತ್ರ ಯಾವ ನಿಯಮವೂ ಅಧಿಕಾರಿಗೆ ನೆನಪಾಗಲಿಲ್ಲ.

ಕೈಗಳು ಎದ್ದವು. ಅವರದೇ ಬೀದಿಯ ಸದಸ್ಯ, ವರಸೆಯಲ್ಲಿ ಮೈದುನ, ತಲೆ ತಗ್ಗಿಸಿಕೊಂಡೇ ಕೈ ಎತ್ತಿದ.

ಹೊರಗೆ ಬಂದ ಅಧ್ಯಕ್ಷೆ ನನ್ನನ್ನೇ ನೋಡಿದರು. "ಮೇಡಮ್, ಅವಕಾಶ ಇಲ್ಲ ಅಂತ ನಿಮ್ಗೂ ಗೊತ್ತಿರ್ಲಿಲ್ವಾ?"

"ಗೊತ್ತಿರಲಿಲ್ಲ."

"ಓಗ್ಲಿ ಬುಡಿ," ಎಂದರು. ಬೈದಿದ್ದರೆ ಹಗುರವಾಗುತ್ತಿತ್ತು.

ಮರುವಾರವೇ ನೀರು ಮಧ್ಯಾಹ್ನಕ್ಕೆ ಮರಳಿತು. ಬೀದಿಯ ಹೆಂಗಸರು ದೂರಿದ್ದು ಕೈ ಎತ್ತಿದವರನ್ನಲ್ಲ, ಅಧ್ಯಕ್ಷೆಯನ್ನು. "ದೊಡ್ಡೋರ ತಂಟೆಗೋಗಿ ನಮ್ ನೀರ್ಗೂ ಕಲ್ಲಾಕುದ್ಲು" ಎಂದರು. ಬೆಳಗಿನ ಬಸ್ಸಿನಲ್ಲಿ ಯಾರೂ ಅವರ ಪಕ್ಕ ಕೂರುತ್ತಿರಲಿಲ್ಲ. ಇದನ್ನು ಅವರು ದೂರಾಗಿ ಹೇಳಲಿಲ್ಲ. "ಈಗ ಕಾಲು ಚಾಚ್ಕೊಂಡ್ ಬತ್ತೀನಿ" ಎಂದು ನಕ್ಕಿದ್ದರು. ನಮ್ಮ ಮನೆಯಲ್ಲೂ ಅವರ ಮಾತು ಕಡಿಮೆಯಾಯಿತು. ಒಂದು ದಿನ ಆ ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟು, "ನಿಮ್ಮತ್ರ ಇರ್ಲಿ. ಯಾರಾದ್ರೂ ಕೇಳುದ್ರೆ ಕೊಡಿ," ಎಂದರು.

ಕಳೆದ ವರ್ಷ ಎದೆನೋವಿನಿಂದ ಅವರು ತೀರಿಕೊಂಡರು. ಅಲ್ಲಿಯವರೆಗೆ ಯಾರೂ ಅದನ್ನು ಕೇಳಿರಲಿಲ್ಲ. ಈಗಲೂ ಕೇಳಿಲ್ಲ. ಆದ್ದರಿಂದ ನಾನೇ ಕೊಡಬೇಕಾಗಿದೆ.

ನಿಯಮಗಳನ್ನು ರೂಪಿಸುವವರೇ, ಅಧ್ಯಕ್ಷರೊಬ್ಬರನ್ನು ಇಳಿಸುವ ಮುನ್ನ ಅವರಿಗೆ ಹತ್ತು ನಿಮಿಷ ಮಾತನಾಡುವ ಹಕ್ಕಿದೆಯೆಂದು ಬರೆಯಿರಿ. ಉಪವಿಭಾಗಾಧಿಕಾರಿಗಳೇ, ಆ ಸಭೆಯ ನಡಾವಳಿಯ ಕೆಳಗೆ ನಿಮ್ಮ ಸಹಿಯಿದೆ. ಅವರ ಉತ್ತರವನ್ನು ಆ ನಡಾವಳಿಗೆ ಲಗತ್ತಿಸಿ. ಹಾಳೆಯ ಎರಡೂ ಬದಿಗಳನ್ನು ಲಗತ್ತಿಸಿ. ಅವರು ಎರಡೂ ಬದಿ ಬರೆದಿದ್ದಾರೆ.