ಮೊದಲು, ಆಮೇಲೆ

ಕುರುಗೋಡಿನ ದೊಡ್ಡಬಸಪ್ಪ ಮೇಷ್ಟ್ರಿಗೆ ಕ್ರಿಯಾ ಸಂಶೋಧನೆ, ಅಂದರೆ ತರಗತಿಯ ಒಂದು ಸಮಸ್ಯೆ ಹಿಡಿದು, ಕಾರಣ ಹುಡುಕಿ, ಪರಿಹಾರ ಮಾಡಿ ವರದಿ ಬರೆಯುವುದು, ಪಂಚಪ್ರಾಣ. ಓದಲು ಬಾರದ ಮಗು ಕಣ್ಣಿಗೆ ಬಿದ್ದರೆ ಸಾಕು, "ಸಿಕ್ತು ನೋಡ್ರಿ ಸಮಸ್ಯೆ!" ಎಂದು ತರಗತಿಯಲ್ಲೇ ಚಪ್ಪಾಳೆ ತಟ್ಟುತ್ತಾರೆ. ಸಿರುಗುಪ್ಪದ ಬಸ್ಸಿನಲ್ಲಿ ಸೀಟು ಸಿಗದವರಿಗೂ ಪರಿಹಾರೋಪಾಯ ಹೇಳುತ್ತಾರೆ. ಸಾರಿಗೆ ಉಪ್ಪು ಹೆಚ್ಚಾದರೆ ಹೆಂಡತಿಯನ್ನು ಸಂಭವನೀಯ ಕಾರಣ ಕೇಳುತ್ತಾರೆ. ಬಳ್ಳಾರಿಯ ತರಬೇತಿಯಲ್ಲಿ ವರದಿ ಮೆಚ್ಚಿ ಅವರಿಗೆ ಶಾಲು ಹೊದಿಸಿದ್ದೂ ಉಂಟು. ಆ ವರದಿಗಳ ಜೀವಾಳ ಎರಡು ಫೋಟೊ: ಕಲಿಸುವ ಮೊದಲು ಮಗು ಹೇಗಿತ್ತು, ಆಮೇಲೆ ಹೇಗಾಯಿತು. ಎರಡನ್ನೂ ಒಂದೇ ಬೆಳಿಗ್ಗೆ ತೆಗೆಯುವಾಗ ಒಳಗೊಳಗೇ ನಾಚಿಕೆಯಾಗುತ್ತದೆ. ಆದರೆ ವರದಿ ಕೊಡುವ ದಿನ ಯಾವಾಗಲೂ ನಾಳೆಯೇ, ಕಲಿಸಿದರಾಯಿತು ಆಮೇಲೆ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತಾರೆ. ಈ ಸಲ ನಾಲ್ಕನೆಯ ತರಗತಿಗೆ ಬಂದರೂ ಅಕ್ಷರ ಕೂಡಿಸಲು ಬಾರದ ಹುಲಿಗೆಮ್ಮನ ಸರದಿ. ತಲೆ ಕೆದರಿಸಿ, ಮೂಲೆಯಲ್ಲಿ ಕೂರಿಸಿ ಒಂದು ಫೋಟೊ. ಜಡೆ ಹಾಕಿಸಿ, ಕೈಗೆ ಪುಸ್ತಕ ಕೊಟ್ಟು, "ನಗವ್ವ, ನಿನಗ ಈಗ ಓದಾಕ ಬರ್ತೈತಿ" ಎಂದು ಇನ್ನೊಂದು. ಫೋಟೊ ಮುಗಿದರೂ ಅವಳು ಪುಸ್ತಕ ಬಿಡಲಿಲ್ಲ. "ಸರ, ನನಗ ಓದಾಕ ಬರ್ತೈತಿ ಅಂತ ಅವ್ವಗ ಹೇಳ್ಲೇನ್ರಿ?" ಎಂದು ಕೇಳಿದಳು. ಮೇಷ್ಟ್ರು ತಲೆ ಎತ್ತದೆ ಫೋನಿನಲ್ಲಿ ಎರಡನೆಯ ಫೋಟೊ ತೆರೆದು ನೋಡಿದರು. ಅಲ್ಲಿಯೂ ಅವಳು ಅವರನ್ನೇ ನೋಡಿ ನಗುತ್ತಿದ್ದಳು.