ಪೂಜೆಗಿಟ್ಟ ಬೂಚು

ಹೊನವಾಡದ ನಮ್ಮ ಶಾಲೆಯ ಹಿಂದೆ ದ್ರಾಕ್ಷಿ ತೋಟವಿದೆ. ಮೊನ್ನೆ ಅಲ್ಲಿ ಔಷಧ ಹೊಡೆಯುವ ಪಂಪು ಶುರುವಾಯಿತು. ಪೆಟ್ರೋಲಿಗೆ ಆಯಿಲ್ ಬೆರೆಸಿ ಸುಟ್ಟ ಹೊಗೆಯ ವಾಸನೆ ಕಿಟಕಿಯಿಂದ ಒಳಗೆ ಬಂತು. ಭಿನ್ನರಾಶಿ ಹೇಳಿಕೊಡುತ್ತಿದ್ದವಳು ಹಾಗೇ ನಿಂತುಬಿಟ್ಟೆ. ಪಾದ ತಣ್ಣಗಾದಂತಾಯಿತು. ಬಗ್ಗಿ ನೋಡಿದೆ, ನೆಲ ಒಣಗಿಯೇ ಇತ್ತು. ಮಕ್ಕಳು ಕಿಸಕ್ಕನೆ ನಕ್ಕರು. ನಾನೂ ನಕ್ಕೆ, ಆದರೆ ಎದೆ ಹೊಡೆದುಕೊಳ್ಳುವುದು ನಿಲ್ಲಲಿಲ್ಲ...

ಆ ವಾಸನೆ ಎಂದರೆ ನನಗೆ ಕಾಕಾ. ಸ್ವಂತ ಕಾಕಾ ಅಲ್ಲ, ವಿಜಯಪುರದಲ್ಲಿ ನಮ್ಮ ಎದುರು ಮನೆಯವರು. ಸರ್ಕಾರಿ ನೌಕರಿಯಿಂದ ನಿವೃತ್ತರಾದವರು ಸೈಟು ಕೊಳ್ಳುತ್ತಾರೆ, ಇಲ್ಲವೇ ಕಾಶಿಗೆ ಹೋಗುತ್ತಾರೆ. ಇವರು ಗೋವಾಕ್ಕೆ ಹೋಗಿ ಹಳೆಯ ಮೋಟಾರು ಬೋಟೊಂದನ್ನು ಕೊಂಡು, ಗಾಲಿಗಾಡಿಯ ಮೇಲೆ ಹೇರಿಸಿಕೊಂಡು ಬಂದರು. ನಾಲ್ಕೈದು ಜನ ಕೂರಬಹುದಾದ ಫೈಬರ್ ಬೋಟು, ಬಾಲಕ್ಕೆ ತೂಗುಹಾಕಿದ ಇಂಜಿನ್ನು. ನಳದ ನೀರು ವಾರಗಟ್ಟಲೆ ಬಾರದ ನಮ್ಮ ಓಣಿಯಲ್ಲಿ ಬೋಟು ಬಂದು ನಿಂತದ್ದನ್ನು ನೋಡಲು ಗಾಂಧಿ ಚೌಕದಿಂದಲೂ ಜನ ಬಂದರು. ಕಾಕು, ಅಂದರೆ ಕಾಕಾನ ಹೆಂಡತಿ, ಅವತ್ತು ಬಾಗಿಲು ಹಾಕಿಕೊಂಡು ಒಳಗೇ ಕೂತಿದ್ದರು.

ಬೋಟು ಕೆರೆಯಲ್ಲಿ ಇದ್ದದ್ದಕ್ಕಿಂತ ಓಣಿಯಲ್ಲಿ ಇದ್ದದ್ದೇ ಹೆಚ್ಚು. ಕಾಕಾ ಇಂಜಿನ್ನಿನ ಪ್ಲಗ್ಗು ಬಿಚ್ಚಿ ಉಸುಕಿನ ಕಾಗದದಿಂದ ತಿಕ್ಕುತ್ತಿದ್ದರು, ಗಾಲಿಗೆ ಗ್ರೀಸು ತುಂಬುತ್ತಿದ್ದರು, ತಳದಲ್ಲಿ ಎಲ್ಲಿ ಬಿರುಕು ಬಿಟ್ಟಿದೆಯೋ ಎಂದು ಅಂಗೈಯಿಂದ ಸವರಿ ನೋಡುತ್ತಿದ್ದರು. ಒಣ ನೆಲದಲ್ಲಿ ಓಡಿಸಿದರೆ ಇಂಜಿನ್ನು ಸುಟ್ಟುಹೋಗುತ್ತದಂತೆ. ಅದಕ್ಕೇ ಅದರ ಬಾಲವನ್ನು ಕಾಕು ತುಂಬಿಟ್ಟ ನೀರಿನ ಬ್ಯಾರಲ್ಲಿನಲ್ಲಿ ಇಳಿಸಿ ಚಾಲೂ ಮಾಡುತ್ತಿದ್ದರು. ಓಣಿ ತುಂಬ ಹೊಗೆ. ಇಂಜಿನ್ನಿನ ಪಕ್ಕದಿಂದ ಸಣ್ಣ ಧಾರೆಯಾಗಿ ನೀರು ಚಿಮ್ಮಿದರೆ ಅವರ ಮುಖ ಅರಳುತ್ತಿತ್ತು. ಕಾಕು ಮಾತ್ರ ಹೊಸ್ತಿಲಲ್ಲಿ ನಿಂತು, "ಕುಡ್ಯಾ ನೀರಾಗ ಎಣ್ಣಿ ಕಲಿಸಿದ್ರಲ್ರೀ, ನಿಮ್ಮ ಬೋಟಿಗಿಷ್ಟ ಬೆಂಕಿ ಹಾಕ!" ಎಂದು ಕೂಗುತ್ತಿದ್ದರು.

ನನಗೋ ನೀರೆಂದರೆ ಭಯ. ನಮ್ಮೂರಿನವರಿಗೆ ನೀರು ಬರಲಿಲ್ಲವಲ್ಲ ಎಂಬ ಭಯ ಗೊತ್ತು, ಬಹಳ ಬಂತಲ್ಲ ಎಂಬ ಭಯ ಗೊತ್ತಿಲ್ಲ. ನನಗೆ ಮಾತ್ರ ಎರಡೂ ಇದ್ದವು. ಕಾಕಾ ಕರೆದಾಗಲೆಲ್ಲ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಅವರು ಪ್ರತಿ ಸಲ ಹೇಳುತ್ತಿದ್ದದ್ದು ಒಂದೇ ಮಾತು: "ಅಂಜಬ್ಯಾಡ ತಂಗಿ, ನಾ ಅದೀನಲ್ಲ."

ಒಂದು ವರ್ಷ ದಸರೆಗೆ ಮಾತ್ರ ತಪ್ಪಿಸಿಕೊಳ್ಳಲಾಗಲಿಲ್ಲ. ವಿಜಯದಶಮಿಯ ದಿನ ಊರಿನ ಸೀಮೆ ದಾಟಬೇಕಲ್ಲ, ಈ ಸಲ ನೀರಿನ ಮೇಲೆ ದಾಟೋಣ ಎಂದು ಕಾಕಾ ಹಟ ಹಿಡಿದರು. ಹಬ್ಬದ ದಿನ, ಹಿರಿಯರು. ಇಲ್ಲವೆನ್ನಲು ಬಾಯಿ ಬರಲಿಲ್ಲ. ಕಾಕು ಕೂಡ ಕೆರೆಯ ಗಂಗವ್ವನಿಗೆ ಉಡಿ ತುಂಬುತ್ತೇನೆಂದು ಹೊಸ ಇಳಕಲ್ ಸೀರೆ ಉಟ್ಟು ಹೊರಟರು. ಬಾಡಿಗೆ ಜೀಪಿನ ಹಿಂದೆ ಬೋಟು ಕಟ್ಟಿಕೊಂಡು ಬಬಲೇಶ್ವರ ದಾಟಿ ಮಮದಾಪುರದ ಕೆರೆಗೆ ಹೋದೆವು. ಬೋಟಿಗೆ ಹಿಂದಿನ ದಿನವಷ್ಟೇ ಖಂಡೆ ಪೂಜೆ, ಅಂದರೆ ಆಯುಧ ಪೂಜೆ, ಆಗಿತ್ತು. ಮೂತಿಗೆ ವಿಭೂತಿ, ಹಿಂಭಾಗದ ತುಂಬ ಇಳಿಬಿಟ್ಟ ಚೆಂಡುಹೂವಿನ ಹಾರ.

ಆ ಹಾರವೇ ನಮ್ಮ ಕಣ್ಣು ಕಟ್ಟಿತು. ಬೋಟಿನ ಹಿಂಭಾಗದಲ್ಲಿ, ತಳಕ್ಕೆ ಅಂಟಿದಂತೆ, ಹೆಬ್ಬೆರಳು ತೂರುವಷ್ಟು ಒಂದು ತೂತು ಇರುತ್ತದೆ. ತೊಳೆದ ನೀರು ಹರಿದುಹೋಗಲಿ ಎಂದು ಮಾಡಿದ್ದು. ಕೆರೆಗೆ ಇಳಿಸುವ ಮೊದಲು ಅದಕ್ಕೆ ಹಿತ್ತಾಳೆಯ ಬೂಚು ತಿರುವಿ ಮುಚ್ಚಬೇಕು. ಪೂಜೆಗೆಂದು ಬೋಟು ತೊಳೆದಾಗ ಕಾಕಾ ಬೂಚು ಬಿಚ್ಚಿದ್ದರು. ಬಿಚ್ಚಿದ ಬೂಚನ್ನು ಕಾಕು ತಿಕ್ಕಿ ಬೆಳಗಿ, ಪಾನಾ, ಸುತ್ತಿಗೆಗಳ ಜೊತೆ ಮಣೆಯ ಮೇಲಿಟ್ಟು ಕುಂಕುಮ ಹಚ್ಚಿದ್ದರು. ಪೂಜೆಗೆ ಇಟ್ಟದ್ದನ್ನು ಬನ್ನಿ ಕೊಡುವ ತನಕ ಎತ್ತಬಾರದು ಎಂಬುದು ಅವರ ಮನೆಯ ನೇಮ. ಹಾರದ ಮರೆಯಲ್ಲಿದ್ದ ತೂತು ಕಾಕಾನಿಗೆ ನೆನಪಾಗಲೇ ಇಲ್ಲ. ಹಾಗಾಗಿ ಬೂಚು ವಿಜಯಪುರದಲ್ಲಿ ದೇವರ ಮುಂದೆ ಕೂತಿತ್ತು, ನಾವು ಕೆರೆಯಲ್ಲಿದ್ದೆವು.

ಬೋಟು ಜೋರಾಗಿ ಓಡುತ್ತಿರುವಾಗ ಒಳಗೆ ಬಂದ ನೀರು ಅದೇ ತೂತಿನಿಂದ ಹೊರಗೆ ಹೋಗುತ್ತದೆ. ಆದ್ದರಿಂದ ಮೊದಮೊದಲು ಏನೂ ಗೊತ್ತಾಗಲಿಲ್ಲ. ಕಾಕಾ ತೊಡಿಸಿದ್ದ, ನೀರಿನಲ್ಲಿ ತೇಲಿಸುವ ಕಿತ್ತಳೆ ಬಣ್ಣದ ಜಾಕೀಟನ್ನು ಉಸಿರು ಕಟ್ಟುವಷ್ಟು ಬಿಗಿದುಕೊಂಡು ನಾನು ಕಣ್ಣು ಮುಚ್ಚಿ ಕೂತಿದ್ದೆ. ಕಾಕು ತಮ್ಮದನ್ನು ಸೀರೆ ಮುದುಡೀತೆಂದು ಅಡಿಗೆ ಹಾಕಿಕೊಂಡು ಕೂತಿದ್ದರು. ಕೆರೆಯ ನಡುವಿಗೆ ಹೋದ ಮೇಲೆ ಉಡಿ ತುಂಬಲೆಂದು ಕಾಕಾ ಇಂಜಿನ್ನು ನಿಲ್ಲಿಸಿದರು. ಒಮ್ಮೆಲೇ ಎಲ್ಲ ಸುಮ್ಮನಾಯಿತು. ಕಾಕು ಅರಿಷಿಣ ಕುಂಕುಮ ಬಿಟ್ಟು, ಅಕ್ಕಿ ಬಿಟ್ಟು, ಕಣ್ಣಿಗೆ ನೀರು ಹಚ್ಚಿಕೊಂಡರು. ನನ್ನ ಪಾದ ತಣ್ಣಗಾಯಿತು.

"ಏನ್ರೀ, ಒಳಗ ನೀರ ಬರಾಕತ್ತಾವ," ಎಂದರು ಕಾಕು.

ಕಾಕಾ ಹಾರ ಕಿತ್ತೆಸೆದು, ಬಗ್ಗಿ ಕೈಯಾಡಿಸಿದರು. ಅವರ ಮುಖದ ಬಣ್ಣ ಹೋದದ್ದನ್ನು ನಾನು ನೋಡಿದೆ. ಎದ್ದು ಇಂಜಿನ್ನಿನ ಹಗ್ಗ ಜಗ್ಗಿದರು. ಹತ್ತಲಿಲ್ಲ. ಮತ್ತೆ ಜಗ್ಗಿದರು. ನೀರು ಕಣಕಾಲಿಗೆ ಬಂತು. ದಂಡೆ ಬಿಳಿ ಗೆರೆಯಂತೆ ಎಲ್ಲೋ ದೂರದಲ್ಲಿತ್ತು. ಕೊನೆಗೆ ಇಂಜಿನ್ನು ಕೆಮ್ಮಿ ಹತ್ತಿತು, ಆದರೆ ಒಳಗಿನ ನೀರಿನ ಭಾರಕ್ಕೆ ಬೋಟು ಏಳಲೊಲ್ಲದು. ತೆವಳತೊಡಗಿತು.

"ಹಿಡಿಕಿ ಹಿಡಿ ತಂಗಿ! ಏನಾದ್ರೂ ಇಂಜಿನ್ ಬಂದ್ ಆಗಬಾರದ್ ನೋಡ!" ಎಂದು ನನ್ನ ಕೈಯನ್ನು ಎಳೆದು, ಬೋಟು ತಿರುಗಿಸುವ ಇಂಜಿನ್ನಿನ ಹಿಡಿಕೆಯ ಮೇಲಿಟ್ಟು ಕಾಕಾ ನೀರಿನಲ್ಲೇ ಮೊಣಕಾಲೂರಿದರು. ನಾನು ದಂಡೆಯ ಕಡೆಗೆ ತಿರುಗಿಸಿದೆ. ಬೋಟು ಮತ್ತೆ ಕೆರೆಯ ನಡುವಿಗೆ ತಿರುಗಿತು. ಹಿಡಿಕೆಯನ್ನು ಎಡಕ್ಕೆ ತಳ್ಳಿದರೆ ಬೋಟು ಬಲಕ್ಕೆ ಹೋಗುತ್ತದೆಂದು ಓಣಿಯಲ್ಲಿ ಎಷ್ಟೋ ಸಲ ಕೇಳಿದ್ದೆ. ಆ ಹೊತ್ತಿಗೆ ಎಡಗೈ ಯಾವುದೆಂಬುದೇ ನನಗೆ ತಿಳಿಯದಾಗಿತ್ತು. ಕಾಕು ಪೂಜೆಯ ತಂಬಿಗೆಯಿಂದ ನೀರು ಎತ್ತಿ ಎತ್ತಿ ಹೊರಗೆ ಚೆಲ್ಲುತ್ತಿದ್ದರು. ಬೈಗುಳವಿಲ್ಲ, ಮಾತೇ ಇಲ್ಲ. ಕಾಕು ಸುಮ್ಮನಿದ್ದದ್ದೇ ನನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

ಸಂಜೆ ಹಂಚಲೆಂದು ತಂದ ಬನ್ನಿಯ ಕೊಂಬೆಗಳು ಸೀಟಿನ ಮೇಲಿದ್ದವು. ಕಾಕಾ ಒಂದನ್ನು ಮುರಿದು, ಕರವಸ್ತ್ರ ಸುತ್ತಿ, ತೂತಿಗೆ ತುರುಕಿ ಹಿಮ್ಮಡಿಯಿಂದ ಗುದ್ದಿದರು. ಮುಳ್ಳು ಚುಚ್ಚಿ ಅಂಗೈಯಿಂದ ರಕ್ತ ಬರುತ್ತಿತ್ತು. ಆಮೇಲೆ ಹಿಮ್ಮಡಿಯನ್ನು ಅಲ್ಲೇ ಒತ್ತಿ ಹಿಡಿದು, ನನ್ನ ಕಡೆ ತಿರುಗಿ ಅದೇ ಮಾತು ಹೇಳಿದರು: "ಅಂಜಬ್ಯಾಡ, ನಾ ಅದೀನಲ್ಲ." ನಾನು ನಂಬಿದೆ. ನಂಬಿದ್ದಕ್ಕೇ ಹಿಡಿಕೆ ನೆಟ್ಟಗಾಯಿತೋ ಏನೋ... ದಂಡೆಯ ಕೆಸರಿಗೆ ಬೋಟು ಬಡಿದಾಗ ಕೂಡ ನಾನು ಕೈ ಬಿಡಲಿಲ್ಲ. ಕಾಕು ಬಂದು ಒಂದೊಂದೇ ಬೆರಳು ಬಿಡಿಸಬೇಕಾಯಿತು.

ಕೆಸರಿನಲ್ಲೇ ಕೂತು ಕಾಕಾ ತೊಯ್ದ ಬನ್ನಿ ಎಲೆಯನ್ನು ನನ್ನ ಕೈಗಿಟ್ಟರು. "ಬನ್ನಿ ತಗೊಂಡು ಬಂಗಾರದಂಗ ಇರೂಣು," ಎಂದರು. ನಾನು ಅವರ ಕಾಲು ಮುಟ್ಟಿ ನಮಸ್ಕರಿಸಿ, "ನೀವಿದ್ರಿ ಅಂತ ಉಳಿದ್ವಿರಿ ಕಾಕಾ. ಮುಳುಗಿದ್ರ ಈಸಿ ನಮ್ಮನ್ನ ದಂಡಿಗೆ ಹಚ್ಚತಿದ್ರಿ," ಎಂದೆ.

ಕಾಕಾ ಕಾಕುವಿನ ಮುಖ ನೋಡಿದರು. ಆಮೇಲೆ ನೆಲ ನೋಡಿದರು. "ನನಗೆಲ್ಲಿ ಈಸಾಕ ಬರ್ತದ ತಂಗಿ..."

ನಿಜವಾದ ಹೆದರಿಕೆ ನನಗೆ ಹುಟ್ಟಿದ್ದು ಆಗ, ಗಟ್ಟಿ ನೆಲದ ಮೇಲೆ. ಎಷ್ಟೋ ದಿನ ಕಾಕಾನ ಜೊತೆ ಮಾತು ಬಿಟ್ಟಿದ್ದೆ. ಅವರು ಮಾತ್ರ ನಾನು ಹೊನವಾಡದ ಬಸ್ಸಿಗೆ ಹೊರಟಾಗ ಕಟ್ಟೆಯ ಮೇಲಿಂದ, "ಬೂಚ ಹಾಕ್ಕೊಂಡಿ ಇಲ್ಲೋ?" ಎಂದು ಕಾಡುತ್ತಿದ್ದರು. ಒಂದು ದಿನ ನಕ್ಕುಬಿಟ್ಟೆ, ಸಿಟ್ಟು ಅಲ್ಲಿಗೆ ಮುಗಿಯಿತು.

ಹೋದ ವರ್ಷ ಕಾಕಾ ಆಸ್ಪತ್ರೆ ಸೇರಿದರು. ಎದೆಯಲ್ಲಿ ನೀರು ತುಂಬಿದೆ ಎಂದರು ಡಾಕ್ಟರು. ಕಾಕು ಔಷಧ ತರಲು ಕೆಳಗೆ ಹೋದಾಗ ಕಾಕಾ ನನ್ನ ಕೈ ಹಿಡಿದರು. ಅವತ್ತು ನಾನು ಹಿಡಿಕೆ ಹಿಡಿದಂತೆಯೇ ಹಿಡಿದಿದ್ದರು. "ಒಳಗ ನೀರ ಬಂದಾವ ತಂಗಿ. ನನಗ ಅಂಜಿಕಿ ಆಗಾಕತ್ತೈತಿ," ಎಂದರು.

"ಅಂಜಬ್ಯಾಡ್ರಿ ಕಾಕಾ, ನಾ ಅದೀನಲ್ಲ," ಎಂದೆ.

ಮುಖಕ್ಕೆ ಹಾಕಿದ್ದ ಮಾಸ್ಕಿನೊಳಗೆ ನಕ್ಕರು. "ನಿನಗೂ ಈಸಾಕ ಬರೂದಿಲ್ಲಲ್ಲ..." ಎಂದರು. ಕೈ ಮಾತ್ರ ಬಿಡಲಿಲ್ಲ. ಮರುದಿನ ಕಾಕಾ ತೀರಿಕೊಂಡರು.

ಬೋಟನ್ನು ಯಾರೋ ಕೊಂಡೊಯ್ದರು. ಬೂಚನ್ನು ಕಾಕು ಕೊಡಲಿಲ್ಲ, ಅದು ದೇವರನ್ನಿಟ್ಟ ಗೋಡೆಯ ಮಾಡದಲ್ಲಿದೆ. ಮೊನ್ನೆ ತರಗತಿಯಲ್ಲಿ ನಿಂತು ಇದನ್ನೆಲ್ಲ ನೆನೆಯುತ್ತಿರುವಾಗ ತೋಟದ ಪಂಪು ತಟ್ಟನೆ ನಿಂತಿತು. ಅಂದು ಕೆರೆಯ ನಡುವೆ ಆದಂತೆಯೇ ಎಲ್ಲ ಸುಮ್ಮನಾಯಿತು. ನಾನು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಸುಳ್ಳೆಂದು ಗೊತ್ತಿದ್ದರೂ ಅಂಜಬ್ಯಾಡ ಎಂಬ ಆ ಮಾತನ್ನು ಇನ್ನೊಮ್ಮೆ ಯಾರಾದರೂ ನನಗೆ ಹೇಳಬೇಕಿತ್ತು.